ಮುದುಕ ತನಗೇ ಮಾಡಿಕೊಂಡ ಕುರ್ಚಿ

ಬರ್ರಿ, ಕಾಲು ಚಾಚಿ ಆರಾಮ ಕೂಡ್ರಿ. ಚಾ ಒಲೆ ಮೇಲದ, ಕುದೀಲಿ. ನಮ್ಮನೆಯವರ ಜೊತೆ ಐವತ್ತು ವರ್ಷ ಬಾಳುವೆ ಮಾಡಿದವಳು ನಾನು. ನಗುವಂಥದ್ದು ಒಂದಾದರೂ ಆಗದೆ ವಾರ ದಾಟಿದ್ದು ನೆನಪಿಲ್ಲ. ಆಗದಿದ್ದರೆ ಅವರೇ ಹೋಗಿ ಆಗುವಂತೆ ಮಾಡಿ ಬರುತ್ತಿದ್ದರು.

ಫೌಜಿನಲ್ಲಿ ಇದ್ದು ಬಂದವರು. ಬಡಿಗತನವನ್ನೂ ಅಲ್ಲೇ ಕಲಿತರು. ಪಿಂಚಣಿ ಆಗಿ ಸರಸಂಬಾಕ್ಕೆ ಬಂದ ಮೇಲೆ ಊರಿನ ಬಾಗಿಲು, ಮಂಚ, ತೊಟ್ಟಿಲು ಎಲ್ಲಾ ಅವರ ಕೈಯವೇ. ಮಂದಿಗೆಲ್ಲ ಫೌಜಿ ಮುತ್ಯಾ. ಉಳಿ ಬಡಿಯುತ್ತಲೇ ಹಾದಿಯಲ್ಲಿ ಹೋಗುವ ಎಮ್ಮೆಯನ್ನೂ ಮಾತಾಡಿಸುತ್ತಿದ್ದರು. ಕೇಳಿದವರಿಗೆ ಇಲ್ಲ ಅಂದದ್ದು ಮಾತ್ರ ನಾನು ಕೇಳಿಲ್ಲ.

ತಾಲೀಮು

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತೇವೆ. ಒಮ್ಮೆ ಓಣಿಯ ಹಿರಿಯರೊಬ್ಬರನ್ನು ಒಯ್ಯುವಾಗ ಹೆಣ ಹಾದಿಯುದ್ದಕ್ಕೂ ಒಂದು ಕಡೆ ವಾಲಿತು. ಇವರಿಗೆ ಅದು ಬಹಳ ಕೆಟ್ಟದ್ದೆನಿಸಿತು.

"ಅಟೆನ್ಶನ್ ನಿಂತ ಮನುಷ್ಯಾ ನಾ. ಕಡೀಕ ಸೊಟ್ಟ ಕೂಡಾಂವಲ್ಲ" ಅಂದವರೇ ಸಾಗವಾನಿ ಕಟ್ಟಿಗೆಯಲ್ಲಿ ತಮಗೊಂದು ಕುರ್ಚಿ ಮಾಡಿದರು. ತಲೆಗೆ ಆಸರೆ, ಎದೆಗೆ ಪಟ್ಟಿ, ಕೆಳಗೆ ಕೋಲು ತೂರಿಸಲು ಕಬ್ಬಿಣದ ಬಳೆ. ನನ್ನ ಕೈ ಹಿಡಿದು, "ಇದರ ಮ್ಯಾಲೇ ಒಯ್ಯಬೇಕು ನೋಡು, ಮಾತು ಕೊಡು" ಅಂದರು. ಕೊಟ್ಟೆ.

ಮಾತು ಕೊಟ್ಟರೆ ಸಾಲದಂತೆ, ತಾಲೀಮೂ ಆಗಬೇಕಂತೆ! ನಾಲ್ವರು ಗೆಳೆಯರ ಹೆಗಲೇರಿ, ಪಟ್ಟಿ ಬಿಗಿದುಕೊಂಡು, ಕಣ್ಣು ಮುಚ್ಚಿ ಹೊರಟರು. ಊರಬಾಗಿಲು ಅಗಸಿಯ ಹತ್ತಿರ ಬಸ್ಸು ನಿಂತಿತು. ಜೇವರ್ಗಿಗೆ ಕೊಟ್ಟಿದ್ದ ಅವರ ತಂಗಿ, ಅಂದರೆ ನಮ್ಮ ನಾದಿನಿ, ಇಳಿದಳು. ಅಣ್ಣನನ್ನು ನೋಡಿದಳು, ಕೈಚೀಲ ಅತ್ತ ಒಗೆದು ನಡುಹಾದಿಯಲ್ಲೇ ಕೂತು ಹಾಡಿ ಅಳತೊಡಗಿದಳು.

"ಯಾರಿಗೂ ಇಲ್ಲ ಅನ್ನಲಾರದ ಅಣ್ಣಾ! ಎರಡು ಪದಕ ತಂದ ಅಣ್ಣಾ!"

ಮೇಲಿನಿಂದ ಇವರು ಕಣ್ಣು ತೆರೆಯದೆ ಅಂದರು, "ಮೂರು ಬೇ, ಮೂರು."

"ಮೂರು ಪದಕ ತಂದ ಅಣ್ಣಾ!" ಅಂತ ತಿದ್ದಿಕೊಂಡು ಇನ್ನಷ್ಟು ಅತ್ತಳು. ಆಮೇಲೆ ಮೂರ್ಛೆ ಬಂತು.

ಮಾಸ್ತರರ ಅರ್ಧ ಗಡ್ಡ

ಕಟಿಂಗ್ ಅಂಗಡಿಯವನ ಕುರ್ಚಿ ಮುರಿದು ಅಫಜಲಪುರಕ್ಕೆ ರಿಪೇರಿಗೆ ಹೋಗಿತ್ತು. "ಮುತ್ಯಾ, ನಿಮ್ಮದು ಖಾಲಿನೇ ಕುಂತದಲ್ರಿ" ಅಂದ. ಇವರು ಕೊಟ್ಟೇಬಿಟ್ಟರು.

ಮೊದಲು ಕೂತವರು ಸಾಲಿಯ ಮಾಸ್ತರರು. ಅರ್ಧ ಗಡ್ಡ ಬೋಳಿಸಿಕೊಂಡು, "ಕುರ್ಚಿ ಭಾರೀ ಅದಪಾ, ಎಲ್ಲಿಂದ ತಂದಿ?" ಅಂದರು.

"ಫೌಜಿ ಮುತ್ಯಾಂದ್ರಿ. ಸತ್ತಾಗ ಕೂಡಸಲಾಕ ಮಾಡ್ಕೊಂಡಾರ."

ಮಾಸ್ತರರು ನೊರೆ ಸಮೇತ ಓಡಿದರು. ಎರಡು ದಿನ ಅರ್ಧ ಗಡ್ಡದಲ್ಲೇ ಪಾಠ ಮಾಡಿದರು. ಮಕ್ಕಳು ಬೋರ್ಡು ನೋಡಲೊಲ್ಲವು. ನಿಂತು ಮಾಡಿಸಿಕೊಳ್ಳೋಣ ಅಂದರೆ ಮಾಸ್ತರರು ಉದ್ದ, ಕಟಿಂಗಿನವ ಗಿಡ್ಡ, ಕೈ ಎಟಕದು. "ಏನರೆ ಮಾಡ್ರಿ, ಆ ಕುರ್ಚಿ ನನ್ನ ಮೈಗೆ ತಾಗಬಾರ್ದು" ಅಂತ ಇವರ ಹತ್ತಿರವೇ ಬಂದು ಕೈ ಮುಗಿದರು.

"ಇಷ್ಟೇ ಹೌದಲ್ಲೋ?" ಅಂದು ಇವರು ಹೋಗಿ ಕುರ್ಚಿಯಲ್ಲಿ ಕೂತು, ಮಾಸ್ತರರನ್ನು ತಮ್ಮ ತೊಡೆ ಮೇಲೆ ಕೂಡಿಸಿಕೊಂಡರು. ಬೀಳದಿರಲಿ ಅಂತ ಇಬ್ಬರಿಗೂ ಸೇರಿಸಿ ಪಟ್ಟಿ ಬಿಗಿದದ್ದಾಯಿತು. ಹೊರಗೆ ನೋಡಲು ಊರೇ ನೆರೆದಿತ್ತು. ಕಟಿಂಗಿನವ ಕತ್ತಿ ಮಸೆಯುತ್ತ ಕೇಳಿದ:

"ಮೊದಲ ಯಾರದು ಮಾಡ್ಲಿರಿ?"

ಭೂಸನೂರಿನ ಸತ್ಕಾರ

ಭೂಸನೂರಿನಲ್ಲಿ ಒಂದು ಸಭೆ. ಬರುವ ದೊಡ್ಡ ಸಾಹೇಬರಿಗೆ ತಕ್ಕ ಕುರ್ಚಿ ಇಲ್ಲವೆಂದು ಇದನ್ನೇ ಒಯ್ದರು. ಸಾಹೇಬರು ಒರಗಿ ಕೂತು, "ಆಹಾ, ಇದರಿಂದ ಏಳಬೇಕು ಅನ್ನಿಸೋದೇ ಇಲ್ಲ" ಅಂದರು.

ಪಕ್ಕದಲ್ಲಿ ನಿಂತ ಇವರು, "ಏಳಲಾಕ ಮಾಡಿದ್ದೇ ಅಲ್ರಿ ಸಾಹೇಬ್ರ ಅದು" ಅಂದರು.

ನಾದಿನಿಯ ಮೊಣಕಾಲು

ನಾದಿನಿಗೆ ಮೊಣಕಾಲು ಹಿಡಿದವು. ಪಾಯಿಖಾನೆಯಲ್ಲಿ ಕುಕ್ಕರುಗಾಲಲ್ಲಿ ಕೂಡಲು ಬಾರದು, ಕೂತರೆ ಏಳಲು ಬಾರದು. ಬಂದು ಅಣ್ಣನ ಮುಂದೆ ಅತ್ತಳು. ಇವರು ಅವಳ ಮೊಣಕಾಲು ನೋಡಿದರು, ಕುರ್ಚಿ ನೋಡಿದರು. ನಾನು ಬೇಡ ಅನ್ನುವುದರೊಳಗೆ ಕುರ್ಚಿಯ ನಡುವೆ ದುಂಡಗೆ ತೂತು ಕೊರೆದಿದ್ದರು!

"ಅಲ್ರೀ, ನಾಳೆ ನಿಮಗ?"

"ನಾ ಹೋಗೂತನಕ ಅಕಿ ಹೋಗಿ ಬರ್ಲಿ ಬಿಡು."

ಕೊರೆದ ದುಂಡು ಹಲಗೆಯನ್ನೂ ಕಸಕ್ಕೆ ಒಗೆಯಲಿಲ್ಲ. ಮೇಲ್ಮೈ ತೀಡಿ ನನ್ನ ಕೈಗಿಟ್ಟರು. "ತಗೋ, ಚಪಾತಿ ಲಟ್ಟಸಲಾಕ ಮಣಿ ಬೇಕು, ಮಣಿ ಬೇಕು ಅಂತ ತಲಿ ತಿನ್ನತಿದ್ದಿ." ಕುರ್ಚಿ ಬಸ್ಸಿನ ಮೇಲೇರಿ ಜೇವರ್ಗಿಗೆ ಹೋಯಿತು.

ಕಡೆಯ ಮೆರವಣಿಗೆ

ಒಂದು ಮುಂಜಾನೆ ಚಾ ಕುಡಿದರು. "ಆ ಬಾಗಲಾ ಒಂದೀಟು ಸೊಟ್ಟ ಅದ" ಅಂದರು. ಗೋಡೆಗೆ ಒರಗಿದರು. ಅಷ್ಟೇ.

ನಾನು ಅಳುವುದಕ್ಕೂ ಮೊದಲು ಜೇವರ್ಗಿಗೆ ಫೋನ್ ಹಚ್ಚಿಸಿದೆ: "ಕುರ್ಚಿ ತಗೊಂಡು ಬಾ!"

ಮಧ್ಯಾಹ್ನ ಟೆಂಪೋ ಬಂತು. ನಾದಿನಿಗೆ ಮುಂದಿನ ಸೀಟು ಹತ್ತಲು ಆಗಿರಲಿಲ್ಲ. ಹಿಂದೆ ಅದೇ ಕುರ್ಚಿಯಲ್ಲಿ ಕೂಡಿಸಿ, ಪಟ್ಟಿ ಬಿಗಿದು ತಂದಿದ್ದರು. ಪಾಪ, ಅವಳಿಗೆ ನಿದ್ದೆ ಹತ್ತಿತ್ತು. ಪರವೂರಿಂದ ಮಣ್ಣಿಗೆ ಬಂದವರು ಅಗಸಿಯಲ್ಲೇ ಟೆಂಪೋ ಮುತ್ತಿ ಅವಳಿಗೆ ಹಾರ ಹಾಕಿ ಅಳತೊಡಗಿದರು. ಅವಳು ಕಣ್ಣು ಬಿಟ್ಟು ಚೀರಿದಳು:

"ನಾನಲ್ರೋ! ನಮ್ಮಣ್ಣ ಮನ್ಯಾಗದಾನ!"

ಹತ್ತು ಕೊಡ ಬಿಸಿನೀರು ಸುರಿದು ಕುರ್ಚಿ ತೊಳೆದೆವು. ಆದರೆ ತೂತು? "ಫೌಜಿ ಇದರಾಗ ಇಳದೇ ಬಿಡ್ತಾರ. ಪ್ಲಾಸ್ಟಿಕ್ ಕುರ್ಚಿ ತರ್ರಿ" ಅಂದರು ಹಿರಿಯರು. ಪ್ಲಾಸ್ಟಿಕ್ ಕುರ್ಚಿ ನಾಲ್ಕು ಹೆಜ್ಜೆಗೆ ಬಾಗುತ್ತದೆ. ಐವತ್ತು ವರ್ಷದಲ್ಲಿ ಅವರು ನನ್ನಿಂದ ಕೇಳಿ ಪಡೆದ ಮಾತು ಆ ಕುರ್ಚಿಯದೊಂದೇ.

"ಕುರ್ಚಿ ಒಳಗಿಡ್ರಿ. ಎಲ್ಲಾರೂ ಹೊರಗ ನಡೀರಿ" ಅಂದೆ. ಬಾಗಿಲು ಹಾಕಿದೆ. ಅಡುಗೆಮನೆಯಿಂದ ಮಣಿ ತಂದು, ಹಿಟ್ಟು ಸೆರಗಿನಿಂದ ಒರೆಸಿ ತೂತಿಗೆ ಒತ್ತಿದೆ. ಟಕ್ ಅಂತ ಕೂತಿತು, ಕೂದಲಿನಷ್ಟೂ ಸಂದಿಯಿಲ್ಲ. ಮೇಲೆ ಕಂಬಳಿ ಹಾಸಿದೆ.

"ತೂತು ಏನಾತು ಆಯಿ?" ಬಾಗಿಲು ತೆಗೆದ ಮೇಲೆ ಒಳಬಂದವರು ಕೇಳಿದರು.

"ಅವರೇ ಬಂದೋಬಸ್ತ್ ಮಾಡಿಟ್ಟಿದ್ರು" ಅಂದೆ. ಸುಳ್ಳಲ್ಲ.

ಮುಂದಿನ ಕೋಲಿಗೆ ಹೆಗಲು ಕೊಟ್ಟವರು ಯಾರು ಗೊತ್ತೇನು? ಕುರ್ಚಿ ಮೈಗೆ ತಾಗಬಾರದು ಅಂದಿದ್ದ ಅದೇ ಮಾಸ್ತರರು. ಹಾದಿಗುಂಟ ನಮ್ಮನೆಯವರು ಒಂದು ಕಡೆಗೂ ವಾಲಲಿಲ್ಲ. ಅಟೆನ್ಶನ್!

ಯಾರ್ಯಾರು ಏನಾದರು ಅಂತೀರಾ? ಕುರ್ಚಿ ಮತ್ತೆ ಜೇವರ್ಗಿಗೆ ಹೋಯಿತು. ನಾದಿನಿ ಈಗಲೂ ದಿನಾ ಮುಂಜಾನೆ ಅಣ್ಣನನ್ನು ನೆನೆಸುತ್ತಾಳೆ. ಕಟಿಂಗಿನವ ಸುತ್ತ ತಿರುಗುವ ಕುರ್ಚಿ ತಂದಿದ್ದಾನೆ. ಯಾರದೆಂದು ಕೇಳದೆ ಯಾರೂ ಕೂಡುವುದಿಲ್ಲ. ಸಾಹೇಬರು ತಮಗೂ ಅಂಥದ್ದೇ ಒಂದು ಬೇಕೆಂದು ಇನ್ನೂ ಹೇಳಿಕಳಿಸುತ್ತಾರೆ. ಮಣ್ಣು ಮಾಡಿ ಕುರ್ಚಿ ಮನೆಗೆ ಬಂದ ದಿನವೇ ಮಣಿಯನ್ನು ನಾನು ಯಾರೂ ನೋಡದಂತೆ ತೆಗೆದು ತೊಳೆದಿಟ್ಟೆ.

ಮಾಸ್ತರರು ರಿಟೈರಾಗಿದ್ದಾರೆ. ಆಗಾಗ ಊಟಕ್ಕೆ ಬರುತ್ತಾರೆ. ಮೊನ್ನೆ ನಾಲ್ಕು ಚಪಾತಿ ಮುಗಿಸಿ ಅಂದರು, "ಆಯಿ, ನಿಮ್ಮ ಚಪಾತಿ ಇಷ್ಟು ದುಂಡಗ ಹೆಂಗ ಬರ್ತಾವರಿ?"

"ಮಣಿ ಛಲೋ ಅದರಿ ಮಾಸ್ತರ" ಅಂದು ಐದನೆಯದು ಬಡಿಸಿದೆ.