ಗಡಿಬಿಡಿಗೆ ಇಟ್ಟ ಡಬ್ಬಿ

ಒಳ್ಳೆಯ ಉದ್ದೇಶದಿಂದ ಕೈಹಾಕಿದ ಕೆಲಸವೊಂದು ನಗೆಪಾಟಲಾಗದೆ ಮುಗಿದ ದಿನ ನನ್ನ ಬದುಕಿನಲ್ಲಿ ಇನ್ನೂ ಬಂದಿಲ್ಲ. ಈ ಡಬ್ಬಿಯ ಕತೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ. ಆ ಸಿಟ್ಟಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಅರಬೈಲ್ ಘಟ್ಟದ ಬಗಲಿನಲ್ಲಿದೆ. ಊರಿಗೆ ಇರುವುದು ಒಂದೇ ರಸ್ತೆ. ಕಳೆದ ವರ್ಷ ಗುಡ್ಡ ಜರಿದು ಅದು ಮುಚ್ಚಿಹೋದಾಗ ಪಕ್ಕದ ಮನೆಯ ಅತ್ತಿಗೆಯ ಎಂಟು ತಿಂಗಳ ಮಗುವಿಗೆ ಭೇದಿ ಹತ್ತಿತು. ಊರಿಡೀ ಹುಡುಕಿದರೂ ಒಂದು ಓಆರ್‌ಎಸ್ ಪೊಟ್ಟಣ ಸಿಗಲಿಲ್ಲ. ತುಟಿ ಒಣಗಿದ್ದ ಆ ಮಗುವನ್ನು ಎದೆಗೆ ಕಟ್ಟಿಕೊಂಡು, ಜರಿದ ಮಣ್ಣಿನ ಮೇಲೆ ಹತ್ತಿ ಇಳಿದು, ಯಲ್ಲಾಪುರದ ಆಸ್ಪತ್ರೆ ಮುಟ್ಟಿಸಿದೆವು. ಕನ್ನಡ ಎಂ.ಎ. ಮುಗಿಸಿ ಆಗಷ್ಟೇ ಊರಿಗೆ ಮರಳಿದ್ದ ನಾನು ಅಂದೇ ನಿಶ್ಚಯಿಸಿದೆ: ಈ ಮಗು ಇನ್ನೊಮ್ಮೆ ಹಾಗೆ ಒಣಗಬಾರದು. ಪಟ್ಟಣದ ಸೇವಾಸಂಸ್ಥೆಯೊಂದಕ್ಕೆ ಪತ್ರದ ಮೇಲೆ ಪತ್ರ ಬರೆದು, ಮನೆಗೊಂದರಂತೆ ತಗಡಿನ ಡಬ್ಬಿ ತರಿಸಿದೆ. ಅದರಲ್ಲಿ ಬಿಸ್ಕೀಟು, ಅವಲಕ್ಕಿ, ಬೆಲ್ಲ, ಬೆಂಕಿಪೊಟ್ಟಣ, ಟಾರ್ಚು, ಸೀಟಿ, ಎಲ್ಲಕ್ಕಿಂತ ಮುಖ್ಯವಾಗಿ ಆರು ಓಆರ್‌ಎಸ್ ಪೊಟ್ಟಣಗಳಿದ್ದವು.

ಮಡಿ

ಮುಚ್ಚಳಕ್ಕೆ ಅಂಟಿಸುವ ಚೀಟಿಯನ್ನು ಎರಡು ದಿನ ಕುಳಿತು ನಾನೇ ರಚಿಸಿದ್ದೆ: "ವಿಪತ್ಕಾಲೀನ ಗೃಹಸಂಗ್ರಹ. ಸಂಕಟ ಸನ್ನಿಹಿತವಾದಾಗ ಮಾತ್ರ ಉದ್ಘಾಟಿಸತಕ್ಕದ್ದು." ಒಂದು ಅಕ್ಷರವೂ ತಪ್ಪಿಲ್ಲದ ವಾಕ್ಯವೆಂದು ಹೆಮ್ಮೆಪಟ್ಟಿದ್ದೆ.

ವಾರ ಕಳೆದು ಅತ್ತಿಗೆಯ ಮನೆಗೆ ಹೋದರೆ ಡಬ್ಬಿ ದೇವರ ಪೀಠದ ಪಕ್ಕದಲ್ಲಿ ಕುಳಿತಿದೆ! ಮುಚ್ಚಳಕ್ಕೆ ಕುಂಕುಮ, ಮೇಲೊಂದು ದಾಸವಾಳ.

"ಅತ್ತಿಗೆ, ಇದು ಎಂತಕ್ಕೆ ಇಲ್ಲಿದ್ದು?"

"ಚೀಟಿ ಓದಿದ್ರೆ ಸಹಸ್ರನಾಮ ಓದಿದಾಂಗೆ ಆಗ್ತು ಕೂಸೆ. ಕಂಡಕಂಡಲ್ಲಿ ಇಡಲೆ ಮನಸ್ಸಾಗ್ತಿಲ್ಲೆ."

ನನ್ನ ಸಿಟ್ಟು ನೆತ್ತಿಗೇರಿತು. "ಗುಡ್ಡ ಜರಿದ್ರೆ ತಕ್ಷಣ ತೆಗೆಯುವ ಡಬ್ಬಿ ಅದು!"

"ಮಡಿ ಇಲ್ಲದ್ದೆ ದೇವರ ಹತ್ರ ಇದ್ದದ್ದು ಮುಟ್ಟಲೆ ಆಗ್ತಿಲ್ಲೆ," ಎಂದರು ಅತ್ತಿಗೆ ಶಾಂತವಾಗಿ. "ಆನು ಮಿಂದು ಬಪ್ಪವರೆಗೆ ಗುಡ್ಡಕ್ಕೆ ಸ್ವಲ್ಪ ತಡಕಳಲೆ ಹೇಳು."

ಸೀಟಿ

ಮೂರು ಸಲ ಸೀಟಿ ಕೇಳಿಸಿದರೆ ಎಲ್ಲರೂ ಮನೆ ಬಿಟ್ಟು, ಮೇಲಿನ ಶಾಲೆಯ ಬಯಲಿನಲ್ಲಿ ಸೇರಬೇಕು. ಈ ನಿಯಮವನ್ನು ಮನೆಮನೆಗೂ ಹೋಗಿ ಬಾಯಿಪಾಠ ಮಾಡಿಸಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ಕೆಳಮನೆಯ ಅಜ್ಜ ಮಾತ್ರ "ಸೀಟಿ ಭಾರೀ ಉಪಕಾರ ಆತು ಕೂಸೆ" ಎಂದು ಎರಡೆರಡು ಸಲ ಹೇಳಿದ್ದರು. ಯಾವ ಉಪಕಾರವೆಂದು ಕೇಳಬೇಕಿತ್ತು, ಕೇಳಲಿಲ್ಲ.

ಅಣಕು ಕಾರ್ಯಾಚರಣೆಯ ಬೆಳಿಗ್ಗೆ ಬಯಲಿನಲ್ಲಿ ನಿಂತು ಇದ್ದ ಉಸಿರನ್ನೆಲ್ಲ ಹಾಕಿ ಮೂರು ಸಲ ಊದಿದೆ. ಮರುಕ್ಷಣ ಮನೆಮನೆಯಿಂದ ಕೂಗು ಕೇಳಿಸಿತು: "ಮಂಗ! ಮಂಗ!" ಗಂಡಸರು ಕವಣೆ ಹಿಡಿದು ಬಾಳೆಯತ್ತ ಧಾವಿಸಿದರು, ಹೆಂಗಸರು ತಟ್ಟೆ ಬಡಿದರು, ನಾಯಿಗಳು ಬೊಗಳಿದವು. ಡಬ್ಬಿ ಬಂದ ಮೊದಲ ವಾರದಿಂದಲೇ ಇಡೀ ಊರು ಸೀಟಿಯಿಂದ ಮಂಗ ಓಡಿಸುತ್ತಿತ್ತೆಂಬುದು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಅರ್ಧ ಗಂಟೆ ಕಾದೆ. ಆ ದಿನ ಸೀಟಿಗೆ ಬೆಲೆ ಕೊಟ್ಟು, ಮರಿಗಳನ್ನು ಎದೆಗವಚಿಕೊಂಡು, ಸಾಲಾಗಿ ಎತ್ತರದ ಬಯಲಿಗೆ ಬಂದು ಸೇರಿದವು ಮಂಗಗಳು ಮಾತ್ರ.

ತಾರೀಕು

ಒಂದು ಮನೆಯ ಡಬ್ಬಿಗೆ ಇರುವೆ ಹೊಕ್ಕು ಬಿಸ್ಕೀಟು ಹಾಳಾಯಿತು. ಬದಲಿ ತರಲು ಪೇಟೆಗೆ ಹೋದೆ. ಅಂಗಡಿಯವರು ಹಾವೇರಿ ಕಡೆಯವರು. "ಬರ್ರಿ ಬರ್ರಿ" ಎಂದು ಆದರದಿಂದ ಕರೆದು, ಹಿಂದಿನ ಮೂಲೆಯಿಂದ ಪೊಟ್ಟಣಗಳನ್ನು ತಂದಿಟ್ಟರು. ತಿರುಗಿಸಿ ನೋಡಿದರೆ ಎಲ್ಲದರ ಅವಧಿಯೂ ಮುಗಿದಿದೆ.

"ಇದು ಆಪತ್ತಿಗೆಂದು ಜೋಪಾನ ಮಾಡುವ ಆಹಾರ," ಎಂದು ಗುಡುಗಿದೆ.

"ಅದಕ್ಕಽ ಕೊಟ್ಟೇನ್ರಿ. ಗುಡ್ಡ ತಲಿ ಮ್ಯಾಲ ಬಿದ್ದಾಗ ತಾರೀಕು ಯಾರು ನೋಡ್ತಾರ್ರೀ?"

ಪಾನಕ

ಮಡಿಯ ಪ್ರಸಂಗದ ಮರುದಿನವೇ ನಾನು ನನ್ನ ಚೀಟಿಗಳನ್ನೆಲ್ಲ ಕಿತ್ತೆಸೆದು, ಮುಚ್ಚಳಗಳ ಮೇಲೆ ಬಣ್ಣದಲ್ಲಿ ನೇರವಾಗಿ ಬರೆದಿದ್ದೆ: "ಗಡಿಬಿಡಿಗೆ ಮಾತ್ರ." ಇದರಲ್ಲಿ ತಪ್ಪು ತಿಳಿಯಲು ಏನಿದೆ?

ಆಷಾಢದ ಒಂದು ದಿನ ಸಂಸ್ಥೆಯ ಸಂಯೋಜಕರು ಮುನ್ಸೂಚನೆಯಿಲ್ಲದೆ ಪರಿಶೀಲನೆಗೆ ಬಂದರು. ಬೆಳಿಗ್ಗೆಯೇ ಪೇಟೆಗೆ ಹೋಗಿದ್ದ ನಾನು ಮಧ್ಯಾಹ್ನ ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಅವರು ಅತ್ತಿಗೆಯ ಜಗಲಿಯಲ್ಲಿ ಕುಳಿತು ಬಿಸ್ಕೀಟು ಮೆಲ್ಲುತ್ತಿದ್ದರು. ಕೈಯಲ್ಲಿ ಕಿತ್ತಳೆ ಬಣ್ಣದ ಪಾನಕ.

"ಪಾನಕ ಸೊಗಸಾಗಿದೆ. ಉಪ್ಪು ಮಾತ್ರ ತುಸು ಮುಂದಾಯಿತು," ಎಂದು ಅವರು ಎರಡನೆಯ ಲೋಟಕ್ಕೆ ಕೈಚಾಚಿದರು.

ಒಳಗೆ ಧಾವಿಸಿದೆ. ಡಬ್ಬಿ ತೆರೆದಿತ್ತು. ಆರೂ ಓಆರ್‌ಎಸ್ ಪೊಟ್ಟಣ ಖಾಲಿ.

"ಅತ್ತಿಗೆ! ಇದು ಗಡಿಬಿಡಿಗೆ ಇಟ್ಟದ್ದು!"

"ಗಡಿಬಿಡಿಯೇ ಆತಲೆ! ಹೇಳದ್ದೆ ಬಂದ, ಮನೆಯಲ್ಲಿ ಲಿಂಬೆಹಣ್ಣಿಲ್ಲೆ. ಮನೆಗೆ ಬಂದವಕ್ಕೆ ಬರೀ ನೀರು ಕೊಡಲೆ ಆಗ್ತ?"

ನೆರೆಮನೆಗಳಲ್ಲಿ ವಿಚಾರಿಸಿದೆ. ಬೆಳಿಗ್ಗೆಯಿಂದ ಅವರು ಅಲ್ಲೆಲ್ಲ ಪರಿಶೀಲನೆ ಮುಗಿಸಿಯೇ ಇಲ್ಲಿಗೆ ಬಂದಿದ್ದರು. ನಮ್ಮ ಮನೆಯೂ ಸೇರಿ ಎಲ್ಲ ಕಡೆಯೂ ಪೊಟ್ಟಣಗಳು ಪಾನಕವಾಗಿದ್ದವು.

ಅದೇ ಸಂಜೆ ಗುಡ್ಡ ಜರಿಯಿತು. ಸಂಯೋಜಕರ ಜೀಪು ಆಚೆ, ಸಂಯೋಜಕರು ಈಚೆ. ಮಣ್ಣು ಇನ್ನೂ ಕುಸಿಯುತ್ತಿದ್ದುದರಿಂದ ಈ ಸಲ ಹತ್ತಿ ದಾಟುವಂತೆಯೂ ಇರಲಿಲ್ಲ.

ಮರುದಿನ ಮಗುವಿಗೆ ಭೇದಿ ಶುರುವಾಯಿತು. ಕಳೆದ ವರ್ಷದ ಒಣ ತುಟಿ ಕಣ್ಣೆದುರು ಬಂದು ನನಗೆ ಮೈಮೇಲೆ ಎಚ್ಚರವೇ ಉಳಿಯಲಿಲ್ಲ. ಎಲೆಯಡಿಕೆಯ ಕವಳ ಹಾಕುತ್ತ ಕುಳಿತಿದ್ದ ಸಂಯೋಜಕರ ಮುಂದೆ ನಿಂತು ಕೂಗಿದೆ: "ಈ ಮಗುವಿನ ಔಷಧವನ್ನು ನೀವು ಕುಡಿದಿದ್ದೀರಿ! ಎರಡು ಲೋಟ! ಉಪ್ಪು ಹೆಚ್ಚಾಯಿತೆಂದು ದೂರು ಬೇರೆ ಹೇಳಿದಿರಿ!"

ಅವರು ಬೆಪ್ಪಾಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಒಳಗಿನಿಂದ ಅತ್ತಿಗೆ ಗದರಿದರು: "ಮನೆಗೆ ಬಂದವರ ಎದುರು ಹಾಂಗೆಲ್ಲ ಹೇಳಲಾಗ. ಕೂಗುವ ಬದಲು ಬಂದು ಮಗುವನ್ನ ಹಿಡಕ."

ಅತ್ತಿಗೆಯ ಕೈಯಲ್ಲಿ ಗಂಜಿಯ ತಿಳಿ ತುಂಬಿದ ಬಟ್ಟಲಿತ್ತು. ಒಂದು ಚಿಟಿಕೆ ಉಪ್ಪು ಕದಡಿ, ಚಮಚ ಚಮಚವಾಗಿ ಕುಡಿಸಿದರು. ಅದನ್ನು ಕಳೆದ ವರ್ಷ ಆಸ್ಪತ್ರೆಯ ದಾದಿ ಹೇಳಿಕೊಟ್ಟಿದ್ದರಂತೆ. ಮಗು ಕಕ್ಕಿತು; ಇವರು ಮತ್ತೆ ಕುಡಿಸಿದರು. ದಿನವಿಡೀ ಅದೇ. ನಾನು ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ಅದರ ತುಟಿಯನ್ನೇ ನೋಡುತ್ತ ಕುಳಿತಿದ್ದೆ. ಮರುದಿನ ಬೆಳಿಗ್ಗೆ ಅದು ಜೋರಾಗಿ ಅತ್ತಿತು, ಕಣ್ಣೀರು ಬಂತು; ಮೈಯಲ್ಲಿ ನೀರು ನಿಂತಿತ್ತು. ಕಣ್ಣೀರು ಕಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಸಿಟ್ಟು ಮಾತ್ರ ಇಳಿಯಲಿಲ್ಲ. ಅತ್ತಿಗೆ ಅಟ್ಟದಿಂದ ಹಲಸಿನ ಹಪ್ಪಳ ಇಳಿಸಿ ಸುಟ್ಟು ಬಡಿಸುತ್ತಿದ್ದರು, ಸಂಯೋಜಕರು "ಇನ್ನೆರಡು ಇರಲಿ" ಎನ್ನುತ್ತಿದ್ದರು.

ಮೂರನೆಯ ದಿನ ರಸ್ತೆ ತೆರೆಯಿತು. ಜೀಪಿನ ಹಾರನ್ನು ಕೇಳಿಸಿದ ಕೂಡಲೇ ಸಂಯೋಜಕರು ಚೀಲದಿಂದ ಒಂದು ನಮೂನೆ ತೆಗೆದರು. "ವಿಪತ್ತಿಗೊಳಗಾದ ಕುಟುಂಬದ ಹೇಳಿಕೆ. ತಾವೇ ತುಂಬಿದರೆ ಅಧಿಕೃತವಾಗುತ್ತದೆ, ಅಮ್ಮ."

ನಾನು ಮುಖ ತಿರುಗಿಸಿ ನಿಂತೆ. ಅತ್ತಿಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು, ಗುಂಡಗಿನ ಅಕ್ಷರಗಳಲ್ಲಿ ನಿಧಾನವಾಗಿ ತುಂಬಿದರು:

"ಬಂದೊದಗಿದ ವಿಪತ್ತು ಯಾವುದು?" — ಸಾಹೇಬರು.

"ಎಷ್ಟು ದಿನ ಇತ್ತು?" — ಮೂರು ದಿನ.

"ಸಂಗ್ರಹಿಸಿದ ಆಹಾರ ಸಾಲಿತೇ?" — ಇಲ್ಲ. ಹಪ್ಪಳ ಪೂರಾ ಖಾಲಿ.

"ಮುಂದೆ ಇಂಥದು ಸಂಭವಿಸದಂತೆ ಏನು ಮಾಡಬೇಕು?" — ಬರುವ ಮುಂಚೆ ಫೋನು ಮಾಡಬೇಕು.

ಜೀಪು ಇನ್ನೊಮ್ಮೆ ಹಾರನ್ನು ಹಾಕಿತು. ಸಂಯೋಜಕರು ಹಾಳೆಯನ್ನು ಓದದೆಯೇ ಕೆಳಗೆ "ಖುದ್ದಾಗಿ ಹಾಜರಿದ್ದು ಪರಿಶೀಲಿಸಿದ್ದೇನೆ, ಎಲ್ಲವೂ ನಿಜ" ಎಂದು ಬರೆದು ರುಜು ಹಾಕಿದರು.