ಏನನ್ನೂ ಮುಟ್ಟಬೇಡ ಅವ್ವಾ!

ಪಂಪ್‌ಸೆಟ್ಟನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವವನಿಗೆ ಒಂದು ಕಾರು ಯಾವ ಲೆಕ್ಕ? ಹೊಸ ಕಾರು ತಂದ ವಾರ ನಾನು ಚಳ್ಳಕೆರೆಯಲ್ಲಿ ಕಂಡವರಿಗೆಲ್ಲ ಹೇಳಿದ ಮಾತು ಇದು. ನಾನು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟವನು. ಹಟ ಹಿಡಿದು ಕೂತ ಎಷ್ಟೋ ಮೋಟಾರುಗಳಿಂದ ನೀರೆತ್ತಿಸಿದವನು. ಕಾರಿಗಾದರೋ ನೀರೆತ್ತುವ ಕೆಲಸವೂ ಇಲ್ಲ!

ಆ ಕತೆಯನ್ನು ಇಷ್ಟು ವರ್ಷದ ಮೇಲೆ ಬರೆಯಲು ಕಾರಣವಿದೆ. ಅವ್ವ ತೀರಿಕೊಂಡು ಎರಡು ತಿಂಗಳಾಯಿತು. ಮಾತಾಡಿಸಲು ಬಂದವರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂರುತ್ತಾರೆ. ಆಮೇಲೆ, "ಅಲ್ಲ ತಿಪ್ಪೇಸ್ವಾಮಿ, ಆ ಕಾರಿನ ಕತೆ ಏನಾಗಿತ್ತು..." ಎಂದು ಮೆಲ್ಲಗೆ ಶುರು ಮಾಡುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾಠ. ತಂಗಿಯ ಊರಾದ ಬಿ.ಜಿ. ಕೆರೆಯವರ ಪ್ರಕಾರ ಬಾಗಿಲು ಒಡೆಯಲು ಅಗ್ನಿಶಾಮಕ ದಳ ಬಂದಿತ್ತು. ನನ್ನ ಷಡ್ಡಕನ ಪ್ರಕಾರ ನಾನು ನಡುಬೀದಿಯಲ್ಲಿ ನಿಂತು ಗಳಗಳ ಅತ್ತಿದ್ದೆ. ಅಗ್ನಿಶಾಮಕ ದಳ ಬಂದಿರಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಕಾರು ತಂದದ್ದು ದಾವಣಗೆರೆಯಿಂದ. ಷೋರೂಮಿನಲ್ಲಿ ಟೈ ಕಟ್ಟಿದವರೊಬ್ಬರು ಒಂದು ಗಂಟೆ ನಿಂತು ಅದರ ಸೌಕರ್ಯಗಳನ್ನೆಲ್ಲ ವಿವರಿಸಿದರು. ಒಂದು ಬಾಗಿಲಿನ ಲಾಕಿನ ಮೊಳೆ ಒತ್ತಿದರೆ ನಾಲ್ಕೂ ಬಾಗಿಲು ಭದ್ರ. ಗುಂಡಿ ಒತ್ತಿದರೆ ಕಿಟಕಿ ಇಳಿಯುತ್ತದೆ, ಏರುತ್ತದೆ. ಹಿಂದಕ್ಕೆ ಹೋಗುವಾಗ ತಾನೇ ಸಂಗೀತ ಹಾಡುತ್ತದೆ. ನಾನು ಅಂಗಡಿಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ನಿಯಮ ಒಂದು: ಇಳಿದಾಗಲೆಲ್ಲ ಲಾಕ್ ಮಾಡತಕ್ಕದ್ದು. ಅದರ ಕೆಳಗೆ ಎರಡು ಗೆರೆ ಎಳೆದೆ. ನಿಯಮ ಎರಡು: ಎರಡನೇ ಕೀಯನ್ನು ಸುರಕ್ಷಿತ ಸ್ಥಳದಲ್ಲಿ ಇಡತಕ್ಕದ್ದು. ಮುಂದಿನ ನಿಯಮಗಳ ಮೇಲೆ ಮನೆಗೆ ಬಂದ ದಿನವೇ ಕಾಫಿ ಚೆಲ್ಲಿತು.

ಆ ತಿಂಗಳೇ ಬಿ.ಜಿ. ಕೆರೆಯಲ್ಲಿ ನನ್ನ ತಂಗಿ ಗಿರಿಜಳ ಮಗಳ ಮದುವೆ. ಧಾರೆ ಸೀರೆ ಸೋದರಮಾವನದು, ಅಂದರೆ ನನ್ನದು. ಸೀರೆಯ ಮೇಲಿನ ಅಧಿಕಾರ ಮಾತ್ರ ಅವ್ವನದು. ಮೊಳಕಾಲ್ಮೂರಿನಲ್ಲಿ ಮಗ್ಗದಿಂದ ಇಳಿದ ಸೀರೆಯನ್ನು ನೇಯ್ದವನ ಕೈಯಿಂದ ಅವಳು ತನ್ನ ಮಡಿಲಿಗೆ ಹಾಕಿಸಿಕೊಳ್ಳಬೇಕು. ಅವಳ ಮಡಿಲಿನಿಂದ ಅದು ನೇರ ಮದುವಣಗಿತ್ತಿಯ ಉಡಿಗೆ ಬೀಳಬೇಕು. ನಡುವೆ ನೆಲ ಮುಟ್ಟಬಾರದು, ಸೀಟು ಮುಟ್ಟಬಾರದು, ಇನ್ನೊಬ್ಬರ ಕೈಗೆ ಹೋಗಬಾರದು. ಅವಳ ಅಜ್ಜಿ ಅವಳ ಮದುವೆಗೆ ಹಾಗೆಯೇ ತಂದಿದ್ದಳಂತೆ, ಹದಿನಾಲ್ಕು ಮೈಲಿ ಗಾಡಿಯಲ್ಲಿ ಕೂತು.

ಉಡಿ ತುಂಬುವ ದಿನ ಗುರುವಾರ. ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ತವರಿನ ಸೀರೆ ಬರದಿದ್ದರೆ ಗಂಡಿನ ಕಡೆಯವರು ಬಳ್ಳಾರಿಯಿಂದ ತಂದ ಸೀರೆಯನ್ನೇ ಉಡಿಗೆ ಹಾಕುತ್ತಾರೆಂದು ಮಾತಾಗಿತ್ತು. "ಹಂಗೇನಾರ ಆದ್ರೆ ನಾನು ಆ ಊರಾಗೆ ಮುಖ ತೋರ್ಸಲ್ಲ ಕಣ್ಲಾ," ಎಂದಿದ್ದಳು ಅವ್ವ.

"ಬಸ್ಸಿಗೆ ಕಾಯೋರು ಹೆದರ್ಬೇಕು ಅವ್ವಾ. ನಮಗೆ ಕಾರು ಐತೆ!" ಎಂದೆ ನಾನು.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಹೊರಡುವ ಮೊದಲು ನಿಯಮ ಎರಡನ್ನು ಪಾಲಿಸಿ, ಎರಡನೇ ಕೀಯನ್ನು ಅವ್ವನ ಎಲೆಅಡಿಕೆ ಸಂಚಿಯೊಳಗೆ ಹಾಕಿದೆ. ಭೂಮಿಯ ಮೇಲೆ ಅದಕ್ಕಿಂತ ಸುರಕ್ಷಿತ ಸ್ಥಳವಿಲ್ಲ. ನಾವು ಚಿಕ್ಕವರಿದ್ದಾಗ ಅದರೊಳಗೆ ಹೋದ ಎಂಟಾಣೆಗಳು ಇವತ್ತಿಗೂ ಹೊರಗೆ ಬಂದಿಲ್ಲ.

ಊರು ದಾಟಿದ ಕೂಡಲೇ ಎ.ಸಿ. ಹಾಕಿದೆ. ಐದು ನಿಮಿಷಕ್ಕೆ ಕಾರಿನೊಳಗೆ ಮಿರ್ಚಿ ಬೋಂಡಾ ಕರಿಯಬಹುದಿತ್ತು. ತಿರುಗಣೆಯನ್ನು ನೀಲಿಗೆ ತಿರುಗಿಸುವ ಬದಲು ಕೆಂಪಿಗೆ ತಿರುಗಿಸಿದ್ದೆ.

"ಲೇ ತಿಪ್ಪೇಶಿ, ಇಷ್ಟೆಲ್ಲಾ ಕೊಟ್ಟು ಒಲೆ ಇರೋ ಕಾರು ತಂದ್ಯಾ?" ಎಂದಳು ಅವ್ವ ಹಿಂದಿನ ಸೀಟಿನಿಂದ.

ಅದು ಸರಿಹೋಯಿತು. ಆಮೇಲೆ ಅವ್ವ ಎಲೆಅಡಿಕೆ ಹಾಕಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ರೂಢಿಯಂತೆ ಕಿಟಕಿಯ ಕಡೆ ತಿರುಗಿ ಉಗಿದಳು. ಹೊಸ ಗಾಜು ಬಹಳ ಸ್ವಚ್ಛವಾಗಿತ್ತು. ಅಲ್ಲಿ ಗಾಜು ಇದೆಯೆಂದು ಅವಳಿಗೆ ಗೊತ್ತಾದದ್ದು ಉಗಿದ ಮೇಲೆ!

"ಗುಂಡಿ ಒತ್ತಿದ್ರೆ ಗಾಜು ಇಳಿಯುತ್ತೆ ಅವ್ವಾ," ಎಂದೆ ಒರೆಸುತ್ತಾ.

ಮುಂದಿನ ಸಲ ಅವಳು ಗುಂಡಿ ಹುಡುಕಿದಳು. ಕೈಗೆ ಸಿಕ್ಕಿದ್ದು ಬಾಗಿಲ ಹಿಡಿಕೆ. ತಳಕು ದಾಟಿ ಒಳ್ಳೆಯ ವೇಗದಲ್ಲಿ ಹೋಗುತ್ತಿದ್ದ ಕಾರಿನ ಹಿಂಬಾಗಿಲು ರೆಕ್ಕೆಯಂತೆ ಬಿಚ್ಚಿಕೊಂಡಿತು. ಅವ್ವ ನಿರಾತಂಕವಾಗಿ ಉಗಿದು, ಬಾಗಿಲು ಹಾಕಿಕೊಂಡು, "ಇದು ಒಳ್ಳೇದೈತೆ," ಎಂದಳು.

ನಾನು ರಸ್ತೆ ಬದಿಗೆ ನಿಲ್ಲಿಸಿದೆ. ನೋಟ್‌ಬುಕ್ ತೆಗೆದು, ಕಾಫಿ ಕಲೆಯ ಅಡಿಯಲ್ಲಿ ಮಕ್ಕಳ ಲಾಕ್ ಎಂಬುದನ್ನು ಪತ್ತೆಹಚ್ಚಿದೆ. ಬಾಗಿಲಿನ ಅಂಚಿನಲ್ಲಿರುವ ಸಣ್ಣ ಕೊಕ್ಕೆಯನ್ನು ಕೆಳಗೆ ಮಾಡಿದರೆ ಒಳಗಿನ ಹಿಡಿಕೆ ಕೆಲಸ ಮಾಡುವುದಿಲ್ಲ. ಬಾಗಿಲನ್ನು ಹೊರಗಿನವರೇ ತೆಗೆಯಬೇಕು. ಎಪ್ಪತ್ತು ದಾಟಿದ ಮಗುವಿಗಾಗಿ ಆ ಕೊಕ್ಕೆ ಹಾಕಿದೆ. ಅವಳ ಕಿಟಕಿಯ ಗುಂಡಿಯನ್ನು ಮುಂದಿನಿಂದಲೇ ಬಂದ್ ಮಾಡಿದೆ. ಸಂಚಿಯನ್ನು ಕಿತ್ತುಕೊಂಡು ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ ಇಟ್ಟೆ. ಕೊನೆಗೆ ಮಗನೆಂಬ ಅಧಿಕಾರದಿಂದ ಗದರಿಸಿದೆ:

"ಏನನ್ನೂ ಮುಟ್ಟಬೇಡ ಅವ್ವಾ! ನಾನು ಹೇಳೋತಂಕ ಕಾರಾಗೆ ಒಂದನ್ನೂ ಮುಟ್ಟಲ್ಲ ಅಂತ ಆಣೆ ಮಾಡು."

"ಮನೆದೇವ್ರಾಣೆ, ಮುಟ್ಟಲ್ಲ ಹೋಗು," ಎಂದಳು.

ನೇಕಾರ ವೆಂಕಟೇಶಪ್ಪನ ಮನೆ ಇದ್ದದ್ದು ಒಂದು ಕಿರಿದಾದ ಓಣಿಯಲ್ಲಿ. ಮನೆಮಾತು ತೆಲುಗು. ಅವ್ವ ಸೀರೆಯ ಅಂಚನ್ನು ಬೆರಳಲ್ಲಿ ಉಜ್ಜಿದಳು, ಬೆಳಕಿಗೆ ಹಿಡಿದಳು, ಮೂಸಿದಳು. ಒಪ್ಪಿಗೆಯಾಗಿ ಮಡಿಲೊಡ್ಡಿದಳು. ಸೀರೆಯ ಜೊತೆ ಕೊಬ್ಬರಿ, ಅರಿಶಿನ, ಅಕ್ಕಿ ಬಿದ್ದವು. ಎರಡೂ ಕೈಯಲ್ಲಿ ಸೆರಗು ಹಿಡಿದು ಕಾರಿನಲ್ಲಿ ಕೂತಳು. ಆಗ ಹನ್ನೆರಡು ಗಂಟೆ. ಬಿ.ಜಿ. ಕೆರೆ ಅರ್ಧ ಗಂಟೆಯ ದಾರಿ. ನಾನು ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿದೆ, ಈ ಸಲ ನೀಲಿಗೆ.

"ಅನ್ನಾ, ಕುಬುಸದ ತುಂಡು ಮರೆತ್ರಲ್ಲಾ!" ಎಂದು ವೆಂಕಟೇಶಪ್ಪ ಬಾಗಿಲಿನಿಂದ ಕೂಗಿದ.

ಇಳಿದೆ. ಇಳಿದಾಗಲೆಲ್ಲ ಲಾಕ್ ಮಾಡತಕ್ಕದ್ದು! ಮೊಳೆ ಒತ್ತಿ, ಹಿಡಿಕೆ ಎತ್ತಿ, ಷೋರೂಮಿನವರು ತೋರಿಸಿದ ಹಾಗೆ ಒಂದಿಷ್ಟೂ ತಪ್ಪಿಲ್ಲದೆ ಬಾಗಿಲು ಹಾಕಿದೆ. ಠಕ್! ನಾಲ್ಕೂ ಬಾಗಿಲು ಏಕಕಂಠದಿಂದ ಮುಚ್ಚಿಕೊಂಡವು. ಒಳಗೆ ಎಂಜಿನ್ ಗುರುಗುಡುತ್ತಿತ್ತು. ಕೀ ತನ್ನ ಜಾಗದಲ್ಲಿ ತೂಗಾಡುತ್ತಿತ್ತು.

ವೆಂಕಟೇಶಪ್ಪ ಬಗ್ಗಿ ನೋಡಿ, "ಅಯ್ಯೋ, ಬೀಗಾಲು ಲೋಪಲೇ ಉನ್ನಾಯಿ ಕದಾ!" ಎಂದ. ಕೀ ಒಳಗೇ ಇದೆ ಎಂದು ಅವನು ತೆಲುಗಿನಲ್ಲಿ ಹೇಳಿದ. ಕನ್ನಡದಲ್ಲೂ ಪರಿಸ್ಥಿತಿ ಅದೇ ಆಗಿತ್ತು.

ನಾನು ಧೈರ್ಯಗೆಡಲಿಲ್ಲ. ಎರಡನೇ ಕೀ ಎಂಬ ಮುಂದಾಲೋಚನೆ ಯಾತಕ್ಕಿದೆ? ಆದರೆ ಅದನ್ನು ಎಲ್ಲಿಟ್ಟೆನೆಂದು ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಓಣಿಯ ತುದಿಯ ಎಸ್.ಟಿ.ಡಿ. ಬೂತಿಗೆ ಓಡಿ ಗಿರಿಜಳ ಮನೆಗೆ ಫೋನ್ ಮಾಡಿದೆ. ನನ್ನ ಹೆಂಡತಿ ಶಾಂತಾ ಅಪ್ಪನ ಜೊತೆ ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದಳು.

"ಎರಡನೇ ಕೀ ನೀನು ಎಲ್ಲಾದ್ರೂ ನೋಡಿದ್ಯಾ?"

"ಅವ್ವನ ಸಂಚಿಯಾಗೆ ಇಡ್ತೀನಿ ಅಂತ ನನ್ ಮುಂದೆ ಮೂರು ಸಲ ಹೇಳಿದ್ರಲ್ರೀ! ಯಾಕೆ, ಮೊದಲನೇದು ಎಲ್ಲಿ?"

"ಅದೂ ಭದ್ರವಾಗಿಯೇ ಐತೆ."

"ಅವ್ವ ಎಲ್ಲವ್ರೆ?"

"ಎರಡೂ ಕೀ ಹತ್ರಾನೇ ಅವ್ಳೆ."

"ಮಾವನೋರು ಗಡಿಯಾರ ಹಿಡ್ಕಂಡು ಕೂತವ್ರೆ. ಅಯ್ನೋರು ಬಂದಾಯ್ತು. ಬೀಗರು ಬಳ್ಳಾರಿ ಸೀರೆ ಪೊಟ್ಟಣ ಬಿಚ್ಚಿ ಇಟ್ಕಂಡವ್ರೆ. ಏನಾರ ಮಾಡಿ ಬರ್ರಿ!" ಎಂದು ಫೋನ್ ಇಟ್ಟಳು.

ಹಿಂತಿರುಗಿ ಬರುವಷ್ಟರಲ್ಲಿ ಕಾರಿನ ಸುತ್ತ ಜನ ಸೇರಿದ್ದರು. ವಿಷಯ ಸರಳವಾಗಿತ್ತು. ಅವ್ವನ ಭುಜದ ಪಕ್ಕದಲ್ಲೇ, ಕಿಟಕಿಯ ಅಂಚಿನಲ್ಲಿ, ಲಾಕಿನ ಮೊಳೆ ಇತ್ತು. ಎರಡು ಬೆರಳಲ್ಲಿ ಅದನ್ನು ಮೇಲಕ್ಕೆತ್ತಿದರೆ ಹೊರಗಿನಿಂದ ಬಾಗಿಲು ತೆಗೆಯಬಹುದಿತ್ತು. ನಾನು ಗಾಜು ಬಡಿದು, "ಅವ್ವಾ, ಅದನ್ನ ಎತ್ತು!" ಎಂದು ಕೂಗಿದೆ. ಎಂಜಿನ್ನು, ಎ.ಸಿ., ಮುಚ್ಚಿದ ಗಾಜು. ಏನೂ ಕೇಳಿಸಲಿಲ್ಲ. ಎತ್ತುವಂತೆ ಕೈಸನ್ನೆ ಮಾಡಿದೆ. ಅವ್ವ ಗಂಭೀರವಾಗಿ ತಲೆಯಾಡಿಸಿದಳು, ಇಲ್ಲ ಎಂದು. ಮಡಿಲನ್ನು ಕಣ್ಣಲ್ಲೇ ತೋರಿಸಿದಳು. ಕೈ ಬಿಡುವ ಹಾಗಿಲ್ಲ. ಆಮೇಲೆ ತುಟಿಯಾಡಿಸಿದಳು. ಗಾಜಿನಾಚೆಯಿಂದಲೂ ನನಗೆ ಅರ್ಥವಾಯಿತು: "ಮನೆದೇವ್ರಾಣೆ."

"ಪೈಕಿ ಲಾಗಮ್ಮಾ! ಪೈಕಿ!" ಎಂದು ಅರ್ಧ ಓಣಿ ತೆಲುಗಿನಲ್ಲಿ, ಮೇಲಕ್ಕೆ ಎಳೆಯುವಂತೆ ಕೈಯಾಡಿಸುತ್ತಾ ಕೂಗಿತು. ಸೈಕಲ್ ಶಾಪಿನ ಸಾಬರು ಕಡ್ಡಿ ತಂದು ಗಾಜಿನ ಸಂದಿಯಲ್ಲಿ ತೂರಿಸಿದರು. ಕಡ್ಡಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ನಾನು ಪಂಪ್‌ಸೆಟ್ಟಿನ ಸ್ಪ್ಯಾನರ್ ಕೇಳಿದೆ. ಅದರಿಂದ ಏನು ಬಿಚ್ಚುತ್ತೀರೆಂದು ಯಾರೋ ಕೇಳಿದರು. ಹನ್ನೆರಡೂವರೆ.

ಓಣಿಯಲ್ಲಿ ಬಿಸಿಲು ಧಗಧಗ ಎನ್ನುತ್ತಿತ್ತು. ಎಲ್ಲರೂ ಬೆವರಿ ಬಸಿದುಹೋಗಿದ್ದೆವು. ಒಳಗೆ ಅವ್ವ ಚಳಿಗೆ ಸೆರಗಿನ ತುದಿಯನ್ನು ಹಲ್ಲಲ್ಲಿ ಎಳೆದು ತಲೆಗೆ ಹೊದ್ದುಕೊಂಡಳು. ರೇಷ್ಮೆ ಸೀರೆ ಮಡಿಲಲ್ಲಿ, ಗಾಜಿನ ಹಿಂದೆ, ಕದಲದೆ ಕೂತಿದ್ದಳು. ಹೊಸದಾಗಿ ಬಂದವನೊಬ್ಬ ಏನೆಂದು ವಿಚಾರಿಸದೆ ಚಪ್ಪಲಿ ಬಿಟ್ಟು ಕೈಮುಗಿದ. ಇನ್ನು ಹತ್ತು ನಿಮಿಷ ಕಳೆದಿದ್ದರೆ ಅಲ್ಲೊಂದು ಹುಂಡಿ ಇಡುತ್ತಿದ್ದರು!

ಒಂದು ಗಂಟೆಗೆ ಐದು ನಿಮಿಷ. ನಾನು ಕಲ್ಲು ಎತ್ತಿಕೊಂಡೆ. ಹೊಸ ಕಾರಿನ ಗಾಜು ಒಡೆಯಲು ಕೈ ಬರಲಿಲ್ಲ. ಬಿ.ಜಿ. ಕೆರೆಯಲ್ಲಿ ಮುಖ ತೋರಿಸುವುದಿಲ್ಲ ಎಂದಿದ್ದ ಅವ್ವನ ಮುಖವನ್ನೇ ನೋಡುತ್ತಾ ಕಲ್ಲು ಹಿಡಿದು ನಿಂತೆ. ಷಡ್ಡಕನ ಹೇಳಿಕೆ ಬಹುಶಃ ಈ ಕ್ಷಣಕ್ಕೆ ಸಂಬಂಧಿಸಿದ್ದು.

ಆಗ ವೆಂಕಟೇಶಪ್ಪನ ತಾಯಿ ನಾಗಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಳೆಯ ವೀಳ್ಯದೆಲೆ, ಅಡಿಕೆ, ಸುಣ್ಣ.

"ಏನಪ್ಪಾ ಇದು ಗದ್ದಲ? ಸೀರೆ ತಗಂಡೋರು ಎಲೆಅಡಿಕೆ ತಗಳ್ದೆ ಹೋಗ್ತಾರಾ?" ಎಂದು ನನ್ನನ್ನು ಕಲ್ಲಿನ ಸಮೇತ ಪಕ್ಕಕ್ಕೆ ತಳ್ಳಿ, ತಟ್ಟೆಯನ್ನು ಕಿಟಕಿಯ ಮುಂದೆ ಹಿಡಿದಳು.

ಅವ್ವ ಎಲೆ ನೋಡಿದಳು. ಮೂರು ತಾಸಿನಿಂದ ಅವಳ ಬಾಯಿ ಖಾಲಿ. ಮೇಲಾಗಿ, ನೇಯ್ದವರ ಮನೆಯ ತಾಂಬೂಲ ಬಿಟ್ಟು ಹೋಗುವುದು ಸೀರೆಗೇ ಅವಮಾನ. ಮನೆದೇವರಿಗೂ ಅದು ಗೊತ್ತಿರಲೇಬೇಕು. ಅವ್ವ ಮಡಿಲನ್ನು ಎಡಗೈಯಲ್ಲಿ ಎದೆಗವಚಿಕೊಂಡಳು. ಬಲಗೈ ಚಾಚಿ, ಹುಡುಕದೆ, ತಡವರಿಸದೆ, ಎರಡೇ ಬೆರಳಲ್ಲಿ ಮೊಳೆ ಎತ್ತಿದಳು. ಠಕ್! ನಾಗಮ್ಮ ಹೊರಗಿನಿಂದ ಬಾಗಿಲು ತೆಗೆದಳು.

"ನಿನಗೆ ಗೊತ್ತಿತ್ತಾ?" ಎಂದೆ ನಾನು.

"ಬೆಳಿಗ್ಗೆ ನೀನು ಬೀದಿಯೋರಿಗೆಲ್ಲಾ ತೋರ್ಸೋವಾಗ ನೋಡಿದ್ನಲ್ಲ. ನೀನೇ ಮುಟ್ಟಬೇಡ ಅಂದೆ," ಎಂದಳು ಎಲೆಗೆ ಸುಣ್ಣ ಹಚ್ಚಿಸಿಕೊಳ್ಳುತ್ತಾ.

ಆ ದಿನ ನಾನು ಓಡಿಸಿದ ಹಾಗೆ ಮತ್ತೆಂದೂ ಕಾರು ಓಡಿಸಿಲ್ಲ. ಓಣಿಯಿಂದ ಹಿಂದಕ್ಕೆ ಹೋಗುವಾಗ ಅದು ಹಾಡಿದ ಸಂಗೀತಕ್ಕೆ ಜನ ಚಪ್ಪಾಳೆ ತಟ್ಟಿದರು. ಒಂದು ಇಪ್ಪತ್ತಕ್ಕೆ ಗಿರಿಜಳ ಮನೆಯ ಚಪ್ಪರದ ಮುಂದೆ ನಿಲ್ಲಿಸಿ, ಕೀಯನ್ನು ಮರೆಯದೆ ಕೈಯಲ್ಲಿ ಹಿಡಿದು, ವಿಜಯಿಯಂತೆ ಒಳಗೆ ನುಗ್ಗಿದೆ. "ಬಂದ್ವಿ! ಟೈಮಿಗೆ ಸರಿಯಾಗಿ ಬಂದ್ವಿ!"

"ಸೀರೆ?" ಎಂದಳು ಶಾಂತಾ.

"ಅವ್ವನ ಹತ್ರ."

"ಅವ್ವ?"

ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಚಪ್ಪರದಾಚೆ ಕಾರಿನ ಗಾಜಿನ ಮೇಲೆ ಯಾರೋ ಹಣೆಯಿಂದ ಮೆಲ್ಲಗೆ ಕುಟ್ಟುತ್ತಿದ್ದರು. ಟಕ್, ಟಕ್, ಟಕ್. ಮಕ್ಕಳ ಲಾಕ್! ಎರಡು ಕೈಯಲ್ಲೂ ಮಡಿಲು. ಅರ್ಧ ಮದುವೆ ಮನೆ ಕಾರಿನ ಕಡೆ ಓಡಿತು. ಸೀರೆ ಉಡಿಗೆ ಬಿದ್ದಾಗ ಒಂದೂವರೆಗೆ ಎರಡು ನಿಮಿಷವಿತ್ತು ಎಂದು ಅಪ್ಪ, ಮೂರು ನಿಮಿಷವಿತ್ತು ಎಂದು ಅಯ್ನೋರು. ಬಳ್ಳಾರಿ ಸೀರೆಯನ್ನು ಬೀಗಿತ್ತಿ ಮತ್ತೆ ಪೊಟ್ಟಣ ಕಟ್ಟಿದಳು. ಅವ್ವ ಎಲ್ಲರ ಮುಂದೆ ಮುಖ ಎತ್ತಿ ಓಡಾಡಿದಳು. ಮಗನ ಕಾರಿನ ಬಗ್ಗೆ ಕೇಳಿದವರಿಗೆ, "ತಣ್ಣಗಿರುತ್ತೆ ಕಣಮ್ಮಾ. ಆದ್ರೆ ಬಿಟ್ಟುಕೊಡಲ್ಲ," ಎಂದಳಂತೆ.

ಆ ಕೊಕ್ಕೆಯನ್ನು ನಾನು ಮತ್ತೆ ಮೇಲಕ್ಕೆ ಮಾಡಲಿಲ್ಲ. ಅಂದಿನಿಂದ ಕಾರು ನಿಂತಲ್ಲೆಲ್ಲ ಇಳಿದು, ಸುತ್ತಿ ಬಂದು, ಅವ್ವನಿಗೆ ಬಾಗಿಲು ತೆಗೆಯುವುದು ನನ್ನ ಕೆಲಸವಾಯಿತು. ತಡವಾದರೆ ಟಕ್ ಟಕ್ ಎನ್ನುತ್ತಿತ್ತು.

ಮೊನ್ನೆ ಅಂಗಡಿಯ ಮುಂದೆ ಅದೇ ಕಾರು ನಿಲ್ಲಿಸಿದೆ. ಇಳಿದೆ. ಸುತ್ತಿ ಬಂದು ಹಿಂಬಾಗಿಲು ತೆಗೆದು, ಹಿಡಿಕೆ ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತೆ. ಪಕ್ಕದ ಗೊಬ್ಬರದಂಗಡಿಯ ರುದ್ರಪ್ಪ ಸ್ವಲ್ಪ ಹೊತ್ತು ನೋಡಿ, "ಯಾರು ಬಂದ್ರು ತಿಪ್ಪೇಸ್ವಾಮಿ?" ಎಂದ.

"ಯಾರಿಲ್ಲ. ಗಾಳಿ ಆಡ್ಲಿ ಅಂತ," ಎಂದೆ.

ಕಾರಿನಲ್ಲಿ ಎ.ಸಿ. ಇದೆ ಎಂದು ಊರಿಗೆಲ್ಲ ಸಾರಿದವನು ನಾನೇ. ರುದ್ರಪ್ಪ ಅದನ್ನು ನೆನಪಿಸಲಿಲ್ಲ. ನಾನು ಬಾಗಿಲು ಹಾಕಿ, ನಿಯಮ ಒಂದರಂತೆ ಲಾಕ್ ಮಾಡಿ ಅಂಗಡಿಗೆ ಬಂದು ಕೂತೆ. ಕೀ ಒಳಗೇ ಉಳಿದಿತ್ತು.