ತಾನೇ ಫೋನು ಮಾಡುವ ಪೆಟ್ಟಿಗೆ

ಲೈಲ್ ಹ್ರುಸ್ಕಾ ಆ ಬುಧವಾರ ಬೆಳಿಗ್ಗೆ ಪೇಪರು ತರಲು ಅಂಗಳಕ್ಕೆ ಇಳಿಯದೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇಳಿದ. ಮೈಮೇಲೆ ಹೆಂಡತಿಯ ಗುಲಾಬಿ ಬಣ್ಣದ ಸ್ನಾನದ ಗೌನು, ಕಾಲಲ್ಲಿ ಒಂದೇ ಚಪ್ಪಲಿ. ಬಗ್ಗಿ ಪೇಪರು ಎತ್ತಿಕೊಳ್ಳುವಷ್ಟರಲ್ಲಿ ಹಿಂದೆ ಗಾಳಿಗೆ ಬಾಗಿಲು ದಡಾರನೆ ಮುಚ್ಚಿತು. ಅದು ತಾನಾಗಿಯೇ ಬೀಗ ಬೀಳುವ ಬಾಗಿಲು. ಬೀಗದ ಕೈ ಒಳಗಿತ್ತು.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಳಗೆ, ಕಿಟಕಿ ಪಕ್ಕದ ಮೇಜಿನ ಮೇಲೆ, ಅವನ ಕಂಪ್ಯೂಟರು ಊರಿನ ಒಂದೊಂದೇ ಮನೆಗೆ ಫೋನು ಮಾಡುತ್ತಾ ಕೂತಿತ್ತು.

ಲೈಲ್ ಬ್ರಿಂಡಲ್ ಫಾಲ್ಸ್ ಊರಿನ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು. ಬೇಸಿಗೆ ರಜೆ ಬಂತೆಂದರೆ ಉಳಿದ ಮೇಷ್ಟ್ರುಗಳು ಕೆರೆಗೆ ಮೀನು ಹಿಡಿಯಲು ಹೋಗುತ್ತಿದ್ದರು. ಇವನು ಮಾತ್ರ ಟೀವಿಗೆ ಜೋಡಿಸಿದ ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕುತ್ತಿದ್ದ. ಅದನ್ನು ಫೋನಿನ ತಂತಿಗೆ ಸೇರಿಸುವ ಮೋಡೆಮ್ ಎಂಬ ಪೆಟ್ಟಿಗೆಯನ್ನೂ ಈಚೆಗೆ ತಂದಿದ್ದ. ಕಂಪ್ಯೂಟರ್ ಕ್ಲಬ್ಬಿನ ಗೆಳೆಯನೊಬ್ಬ ಒಂದು ಕ್ಯಾಸೆಟ್ಟು ಕೊಟ್ಟು, "ಇದನ್ನ ಹಾಕ್ಬಿಡು. ಎಲ್ಲಿಂದ ಶುರು ಅಂತ ಕೇಳುತ್ತೆ, ಒಂದು ನಂಬರು ಹೇಳು. ಅಲ್ಲಿಂದ ಸಾಲಾಗಿ ತಾನೇ ಫೋನು ಮಾಡ್ಕೊಂಡು ಹೋಗುತ್ತೆ. ಮನುಷ್ಯರು ಎತ್ತಿದ್ರೆ ಇಟ್ಬಿಡುತ್ತೆ. ಎಲ್ಲೋ ಒಂದ್ಕಡೆ ಇನ್ನೊಂದು ಕಂಪ್ಯೂಟರು ಎತ್ತಿ ಸಿಳ್ಳೆ ಹೊಡೆಯುತ್ತೆ ನೋಡು, ಆ ಸಿಳ್ಳೆ ಕೇಳಿದ್ಮೇಲೆ ನಿಂಗೆ ಬೇರೆ ಸಂಗೀತ ಬೇಡ" ಎಂದಿದ್ದ. ಬ್ಯಾಂಡ್ ಮೇಷ್ಟ್ರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಮಾತು ಇನ್ನೇನಿದೆ. ಕಾಫಿ ಮುಗಿಯುವ ತನಕ ಮಾತ್ರ ಎಂದುಕೊಂಡು ಲೈಲ್ ತಮ್ಮ ಬೀದಿಯ ಮೊದಲ ನಂಬರನ್ನೇ ಕೊಟ್ಟು ಶುರು ಮಾಡಿದ್ದ.

ಈಗ ಹೊರಗೆ ನಿಂತು ಪೇಪರು ಬಿಡಿಸಿದರೆ ಮೊದಲ ಪುಟದಲ್ಲೇ ಸುದ್ದಿ. ಮನೆ ಕಂಪ್ಯೂಟರಿನಿಂದ ಕಂಡಕಂಡ ಕಡೆಗೆ ಫೋನು ಹಚ್ಚಿದವರ ಮನೆಗಳಿಗೆ ಪೊಲೀಸರು ನುಗ್ಗಿ ಪೆಟ್ಟಿಗೆ, ಕ್ಯಾಸೆಟ್ಟು, ಯಜಮಾನ, ಮೂರನ್ನೂ ಎತ್ತಿಕೊಂಡು ಹೋಗಿದ್ದರು. ಜೈಲಿಗೆ ಹೋಗಿ ಬಂದವನ ಕೈಗೆ ಯಾವ ಶಾಲೆಯವರೂ ಬ್ಯಾಂಡಿನ ಕೋಲು ಕೊಡುವುದಿಲ್ಲ. ಯಾರಿಗಾದರೂ ಗೊತ್ತಾಗುವ ಮೊದಲು ಒಳಗೆ ಹೋಗಿ ಆ ದರಿದ್ರದ್ದನ್ನು ಆರಿಸಬೇಕು.

ಇನ್ನೊಂದು ಬೀಗದ ಕೈ ಇದ್ದದ್ದು ಎದುರುಮನೆಯ ವರ್ಲಾ ಓಪ್ಸಲ್ ಹತ್ತಿರ. ವರ್ಲಾ ಗಂಡ ಸತ್ತ ಹೆಂಗಸು, ಬೀದಿಯ ಕಾವಲು ಸಂಘಕ್ಕೆ ಅಧ್ಯಕ್ಷೆ. ಆಕೆಯ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ. ಲೈಲ್ ಗೌನು ಬಿಗಿಹಿಡಿದು ರಸ್ತೆ ದಾಟುವ ಹೊತ್ತಿಗೆ ಆಕೆ ಮೆಟ್ಟಿಲ ಮೇಲೇ ನಿಂತಿದ್ದಳು. ಪಕ್ಕದಲ್ಲಿ ಬೇಸ್‌ಬಾಲ್ ದಾಂಡು ಹಿಡಿದು ನಿವೃತ್ತ ಕಟುಕ ಕ್ಲೀಟಸ್.

"ಬಂದ್ಯಾ ಲೈಲ್? ಬೀದಿಗೆ ಕಳ್ಳರು ಬಂದಿದಾರೆ ಕಣಪ್ಪಾ" ಎಂದಳು ವರ್ಲಾ. "ಮೊದಲು ನನ್ನ ಮನೆ ಫೋನು ಹೊಡ್ಕೊಳ್ತು. ಎತ್ತಿದ್ರೆ ಉಸಿರಿಲ್ಲ. ಆಮೇಲೆ ಕ್ಲೀಟಸ್ ಮನೇದು. ಆಮೇಲೆ ಅವನ ಪಕ್ಕದ ಮನೇದು. ಸಾಲಾಗಿ ಯಾರು ಮನೇಲಿದಾರೆ, ಯಾರಿಲ್ಲ ಅಂತ ನೋಡ್ಕೊಂಡು ಹೋಗ್ತಿದಾರೆ."

ಆ ಬೀದಿಯ ಮನೆಗಳಿಗೆಲ್ಲ ಒಂದೇ ದಿನ ತಂತಿ ಎಳೆದದ್ದರಿಂದ ನಂಬರುಗಳೂ ಮನೆಗಳ ಸಾಲಿನಲ್ಲೇ ಇದ್ದವು. ಲೈಲನಿಗೆ ಅದು ಈಗ ಹೊಳೆಯಿತು. ಬೀದಿಯ ತುದಿಯಲ್ಲಿ ಒಂದು ಫೋನು ಹೊಡೆದುಕೊಂಡು ನಿಂತಿತು. ಅದರ ಆಚೆಯ ಮನೆಯದು ಶುರುವಾಯಿತು.

"ನಿಮ್ಮನೆಗೂ ಬಂತಾ?" ಕ್ಲೀಟಸ್ ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಲೈಲ್ ಗೌನಿನ ಹೆಗಲನ್ನು ನಿಜವಾಗಿಯೂ ಸರಿಮಾಡಿಕೊಂಡ. "ಬಂತು, ಬಂತು. ನಮ್ಮನೆಗೂ ಬಂತು. ವರ್ಲಾ ಅವ್ರೇ, ನಮ್ಮನೆ ಕೀ ಒಂಚೂರು ಕೊಡಿ. ಹೊರಗೆ ಸಿಕ್ಕೊಂಡ್ಬಿಟ್ಟೆ."

"ಅಂದ್ರೆ ನಿಮ್ಮನೇಲಿ ಈಗ ಯಾರೂ ಇಲ್ವಾ?"

"ಇಲ್ಲ."

ಹಾಗೆ ಹೇಳಿದ್ದೇ ತಪ್ಪಾಯಿತು. ವರ್ಲಾ ಕೀ ತಂದಳು, ಆದರೆ ಕೈಗೆ ಕೊಡಲಿಲ್ಲ. ಒಬ್ಬನೇ ಹೋಗಕೂಡದು, ಕಳ್ಳ ಒಳಗೇ ಇದ್ದರೆ ಏನು ಗತಿ ಎಂದು ಮೂವರೂ ಹೊರಟರು. ಲೈಲ್ ಬೇಡ ಬೇಡ ಎಂದಷ್ಟೂ ಕ್ಲೀಟಸ್ ದಾಂಡನ್ನು ಇನ್ನಷ್ಟು ಮೇಲಕ್ಕೆತ್ತಿದ.

ಲೈಲನ ಕಿಟಕಿ ತೆರೆದಿತ್ತು. ಕರೆ ಹೋಗುವುದು ಕೇಳಲಿ ಎಂದು ಮೋಡೆಮ್ಮಿನಲ್ಲೇ ಒಂದು ಸಣ್ಣ ಸ್ಪೀಕರು ಇತ್ತು. ಅವನು ಅದನ್ನು ಮರೆತೇಬಿಟ್ಟಿದ್ದ.

"ಹಲೋ?" ಎಂದಿತು ಒಳಗಿನಿಂದ ಒಂದು ಗಂಡು ದನಿ. "ಯಾರದು?"

ಮೂವರೂ ಗೋಡೆಗೆ ಅಂಟಿಕೊಂಡರು.

"ಹಲೋ, ಹಲೋ" ಎಂದಿತು ಸ್ವಲ್ಪ ಹೊತ್ತಿಗೆ ಒಂದು ಮುದುಕಿಯ ದನಿ. "ಮಾತಾಡಪ್ಪಾ, ಯಾರು?"

"ಹೆಂಗಸರನ್ನೂ ಕರ್ಕೊಂಡು ಬಂದಿದಾರೆ" ಎಂದು ಪಿಸುಗುಟ್ಟಿದಳು ವರ್ಲಾ. ಆಕೆಯ ಮುಖ ಸುಣ್ಣ ಬಳಿದ ಹಾಗಾಗಿತ್ತು. "ಇಡೀ ಗ್ಯಾಂಗೇ ಇದೆ ಲೈಲ್. ಪುಣ್ಯಾತ್ಮ, ನೀನು ಹೊರಗೆ ಬಂದಿದ್ದು ಒಳ್ಳೇದಾಯ್ತು."

"ಅದು ರೇಡಿಯೋ ಇರಬೇಕು" ಎಂದ ಲೈಲ್, ಬೆವರು ಒರೆಸಿಕೊಳ್ಳುತ್ತಾ.

"ರೇಡಿಯೋ ಯಾರಪ್ಪಾ ನೀನು ಅಂತ ಕೇಳುತ್ತಾ?" ಎಂದ ಕ್ಲೀಟಸ್.

ವರ್ಲಾ ಓಡಿಹೋಗಿ ಪೊಲೀಸರಿಗೆ ಫೋನು ಮಾಡಿದಳು. ಡೆಪ್ಯುಟಿ ಹ್ಯಾನ್ಲಿ ಬಂದ. ಎತ್ತರದ ಆಳು, ನಿಧಾನಸ್ಥ. ಅವನ ಹಿಂದೆ ಬೀದಿಯ ಅರ್ಧ ಜನ ಬಂದು ಹುಲ್ಲಿನ ಮೇಲೆ ನಿಂತರು. ಹ್ಯಾನ್ಲಿ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕೂಗಿದ, "ಒಳಗಿರೋರು ಕೈ ಮೇಲೆತ್ತಿ ಹೊರಗೆ ಬನ್ನಿ."

"ಹಲೋ? ಯಾರು ಬೇಕಿತ್ತು?" ಎಂದಿತು ಒಳಗಿನ ದನಿ.

"ನಾವು ಪೊಲೀಸಿನವರು" ಎಂದ ಹ್ಯಾನ್ಲಿ.

ಒಳಗೆ ಕುಯ್ಯೆಂದಿತು, ಟಿಕಟಿಕ ಎಂದಿತು. ಬೇರೊಬ್ಬಳು ನಿದ್ದೆಯ ದನಿಯಲ್ಲಿ ಹಲೋ ಎಂದಳು.

"ತುಂಬ ಧೈರ್ಯದ ಜನ" ಎಂದ ಹ್ಯಾನ್ಲಿ, ಟೋಪಿ ಸರಿಮಾಡಿಕೊಂಡು. "ಸರಿ, ಬಾಗಿಲು ತೆಗೆದು ನುಗ್ಗೋಣ."

ನುಗ್ಗಿದರೆ ಮುಗಿಯಿತು. ಟೀವಿಯ ಪರದೆಯ ಮೇಲೆ ಊರಿನವರ ನಂಬರುಗಳೆಲ್ಲ ಹೊಳೆಯುತ್ತಿವೆ. ಲೈಲ್ "ನಾನು ಹಿಂದಗಡೆ ಕಾಯ್ತೀನಿ" ಎಂದವನೇ ಮನೆಯ ಹಿಂದಕ್ಕೆ ಓಡಿದ, ಗುಲಾಬಿ ಪೊದೆಗೆ ಗೌನು ಸಿಕ್ಕಿ ಹರಿದರೂ ನಿಲ್ಲಲಿಲ್ಲ. ಹಿಂಗೋಡೆಯ ಮೇಲಿದ್ದ ಮೇನ್ ಸ್ವಿಚ್ಚನ್ನು ಎರಡೂ ಕೈಯಿಂದ ಎಳೆದ. ಒಳಗಿನ ದನಿಗಳು ಒಟ್ಟಿಗೇ ಸತ್ತವು.

ಹ್ಯಾನ್ಲಿ ಒಳಗೆ ಹೋಗಿ ಹಾಸಿಗೆ ಕೆಳಗೆಲ್ಲ ನೋಡಿ ಬಂದ. ಒಬ್ಬರೂ ಇರಲಿಲ್ಲ. ಕರೆಂಟು ತೆಗೆದು ಪರಾರಿಯಾಗಿದ್ದಾರೆ, ಇದು ಪಳಗಿದ ಕೈಗಳ ಕೆಲಸ ಎಂದು ಜನ ತೀರ್ಮಾನಿಸಿದರು. ಬೀದಿಯ ಫೋನುಗಳೂ ಸುಮ್ಮನಾದವು. ಮುಳ್ಳು ಗೀಚಿದ ಕಾಲು ನೋಡಿ, ಕಳ್ಳರನ್ನು ಅಟ್ಟಿಸಿಕೊಂಡು ಹೋಗಿದ್ದಾನೆ ಎಂದು ಲೈಲನ ಬೆನ್ನು ತಟ್ಟಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಅವನಿಗೆ ಅಳುವಷ್ಟು ಸಮಾಧಾನವಾಯಿತು.

ಅದೇ ಹೊತ್ತಿಗೆ ಹೆಂಡತಿ ನಡೀನ್ ಬೇಕರಿಯ ಕೆಲಸದಿಂದ ಊಟಕ್ಕೆ ಬಂದಳು. ತಲೆಯ ಮೇಲೆ ಇನ್ನೂ ಬೇಕರಿಯವರು ಕೂದಲಿಗೆ ಹಾಕುವ ಬಲೆ ಇತ್ತು. ವರ್ಲಾ ಓಡಿಹೋಗಿ ಅಪ್ಪಿಕೊಂಡಳು.

"ನಿನ್ನ ಗಂಡ ಬದುಕಿದ್ದೇ ಹೆಚ್ಚು ನಡೀನ್. ಅವನಿಗೆ ಮೊದಲೇ ಹೇಳೋಣ ಅಂತ ನಾನು ಬೆಳಗ್ಗಿಂದ ಎಷ್ಟು ಸಲ ಫೋನು ಮಾಡಿದೀನಿ ಗೊತ್ತಾ? ಯಾವಾಗ ನೋಡಿದ್ರೂ ಎಂಗೇಜು."

"ಎಂಗೇಜಾ?" ನಡೀನ್ ತಿರುಗಿದಳು. "ಯಾರ ಹತ್ರ ಮಾತಾಡ್ತಿದ್ದೆ?"

"ಹೌದಲ್ಲ" ಎಂದ ಹ್ಯಾನ್ಲಿ, ನಿಧಾನವಾಗಿ. "ಫೋನು ಅಷ್ಟು ಹೊತ್ತು ಎಂಗೇಜಿದ್ರೆ ನಿಮಗೆ ಕಳ್ಳರ ಕರೆ ಹೇಗೆ ಬಂತು? ಲೈನಿನಲ್ಲಿ ಯಾರಿದ್ರು ಹೇಳಿ ಮೇಷ್ಟ್ರೇ, ಅವರನ್ನೂ ಕೇಳಬೇಕಾಗುತ್ತೆ."

ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಜೈಲು, ಇನ್ನೊಂದು ಕಡೆ ನಡೀನ್. ಇಡೀ ಬೀದಿ ಬಾಯಿ ತೆರೆದು ಕಾಯುತ್ತಿತ್ತು. ಲೈಲ್ ತನ್ನ ಒಂಟಿ ಚಪ್ಪಲಿ ನೋಡುತ್ತಾ ಹೇಳಿದ, "ಒಬ್ಬಳು... ಗೆಳತಿ ಹತ್ರ."

ಹ್ಯಾನ್ಲಿ ಕೆಮ್ಮಿದ, ಇದು ಪೊಲೀಸರ ಕೆಲಸವಲ್ಲ ಎಂಬಂತೆ ಆಕಾಶ ನೋಡಿದ. ಆ ಮೂಕ ಕರೆ ಮತ್ತೆ ಬಂದರೂ ಬರಬಹುದು, ನಿಮ್ಮ ಮನೆಯಲ್ಲಿ ಸ್ವಲ್ಪ ಕಾಯುತ್ತೇನೆ ಎಂದು ವರ್ಲಾಗೆ ಹೇಳಿದ. ಬೆಳಿಗ್ಗೆ ಮಾಡಿದ ಚೆರಿ ಪೈ ಇದೆ ಎಂದು ಆಕೆ ಕರೆದುಕೊಂಡು ಹೋದಳು.

ಮನೆಯೊಳಗೆ ನಡೀನ್ ಅವನ ಸೂಟ್‌ಕೇಸು ಇಳಿಸಿ ಬಟ್ಟೆ ತುಂಬತೊಡಗಿದಳು. ಅವಳು ಬೈದಿದ್ದರೆ ಲೈಲ್ ಸಹಿಸುತ್ತಿದ್ದ. ಅವಳು ಅವನ ಬ್ಯಾಂಡಿನ ಅಂಗಿಯನ್ನೂ ಮಡಿಸಿ ಇಟ್ಟಾಗ ಅವನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ, ಕ್ಯಾಸೆಟ್ಟಿನಿಂದ ಹಿಡಿದು ಮೇನ್ ಸ್ವಿಚ್ಚಿನವರೆಗೆ.

"ಪೆಟ್ಟಿಗೆ ತಾನೇ ಫೋನು ಮಾಡುತ್ತಾ?" ನಡೀನ್ ಅಳುತ್ತಲೇ ನಕ್ಕಳು. "ಇನ್ನೂ ಸ್ವಲ್ಪ ಒಳ್ಳೆ ಸುಳ್ಳು ಹುಡುಕು ಲೈಲ್. ಹದಿನಾರು ವರ್ಷ ಸಂಸಾರ ಮಾಡಿದೀನಿ."

"ನಿನ್ನಾಣೆ ನಿಜ. ತೋರಿಸ್ತೀನಿ. ಒಂದೇ ಒಂದು ಸಲ."

ಸ್ವಿಚ್ಚು ಹಾಕಿ ಬಂದ. ಕ್ಯಾಸೆಟ್ಟು ತಿರುಗಿತು. ಎಲ್ಲಿಂದ ಶುರು ಎಂದು ಪರದೆ ಕೇಳಿತು. ಲೈಲನ ಕಣ್ಣು ಹೆಂಡತಿಯ ಮೇಲಿತ್ತು, ಬೆರಳುಗಳು ಬೆಳಗಿನ ನಂಬರನ್ನೇ ಒತ್ತಿದವು. ಪೆಟ್ಟಿಗೆ ಟಿಕಟಿಕ ಎನ್ನತೊಡಗಿತು. "ನೋಡು, ನಾನು ಮುಟ್ಟೇ ಇಲ್ಲ" ಎಂದು ಅವನು ಎರಡೂ ಕೈ ಮೇಲೆತ್ತಿದ.

ಆ ಕಡೆ ಫೋನು ಎತ್ತಿದ ಸದ್ದು. ಸ್ಪೀಕರಿನಿಂದ ಸಣ್ಣಗೆ "ಹಲೋ?" ಎಂದು ಬಂದದ್ದು ಹೆಂಗಸಿನ ದನಿ.

ನಡೀನ್‌ಗೆ ಅಷ್ಟು ಸಾಕಾಯಿತು. ಅಡುಗೆಮನೆಗೆ ಹಾರಿ, ಅದೇ ತಂತಿಗೆ ಸೇರಿದ್ದ ಗೋಡೆಯ ಮೇಲಿನ ಫೋನನ್ನು ಕಿತ್ತುಕೊಂಡಳು. "ಯಾರೇ ನೀನು? ಬೆಳಗ್ಗಿಂದ ನನ್ನ ಗಂಡನ ಹತ್ರ ಅದೇನೇ ನಿಂದು ಮಾತು?"

ಆ ಕಡೆಯಿಂದ ಪೈ ತಟ್ಟೆಗೆ ಚಮಚ ತಾಗಿದ ಸದ್ದು ಬಂತು. ಆಮೇಲೆ ವರ್ಲಾ ಹೇಳಿದಳು, "ನಡೀನ್? ನಾನಮ್ಮಾ, ಎದುರುಮನೆಯವಳು. ಇದೇನು, ನಮ್ಮನೆಗೆ ಯಾಕೆ ಫೋನು ಮಾಡಿದೆ?"

"ನಾನೆಲ್ಲಿ ಮಾಡಿದೆ?" ಎಂದಳು ನಡೀನ್. ಅವಳ ಮುಖ ಹೂವಿನ ಹಾಗೆ ಅರಳಿತು. "ಅಯ್ಯೋ, ಹಾಗಾದ್ರೆ ಅವನು ಹೇಳಿದ್ದು ನಿಜ. ಇವನ ಪೆಟ್ಟಿಗೇನೇ ಮಾಡಿದ್ದು ವರ್ಲಾ, ಬೆಳಗ್ಗಿಂದ ಊರಿಗೆಲ್ಲ ಅದೇ ಮಾಡಿದ್ದಂತೆ." ಫೋನು ಇಟ್ಟು ಓಡಿಬಂದು ಗಂಡನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಅವಳ ಹೆಗಲ ಮೇಲಿಂದ ಲೈಲ್ ಕಿಟಕಿಯಾಚೆ ನೋಡಿದ. ಡೆಪ್ಯುಟಿ ಹ್ಯಾನ್ಲಿ ಕೊರಳಿಗೆ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಳ್ಳುತ್ತಾ ನಿಧಾನವಾಗಿ ರಸ್ತೆ ದಾಟುತ್ತಿದ್ದ. ಮುಂಬಾಗಿಲು ಈಗ ಹಾರುಹೊಡೆದಿತ್ತು.